ಬರಿಗೈಯಲ್ಲಿ ಒಳಗೆ ಹೋಗುವ ಅಮ್ಮಂದಿರು

ನವೆಂಬರ್ 17 ಬಂತೆಂದರೆ ಫೇಸ್‌ಬುಕ್ಕಿನಲ್ಲಿ ಜೋಡಿ ಫೋಟೊಗಳ ಸುಗ್ಗಿ. ಎಡಗಡೆ ಮೂಗಿಗೆ ನಳಿಕೆ, ಕಾಲಿಗೆ ವೈರು ಸುತ್ತಿಸಿಕೊಂಡು ಮಲಗಿದ ಅಂಗೈಯಗಲದ ಕೂಸು. ಬಲಗಡೆ ಅದೇ ಕೂಸು ಬೆಳೆದು, ಯೂನಿಫಾರಂ ತೊಟ್ಟು, ಮುಂದಿನ ಹಲ್ಲು ಬಿದ್ದ ಬಾಯಿ ತೆರೆದು ನಗುತ್ತಿರುವುದು. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗಾಗಿ ಲೋಕವೆಲ್ಲ ಆಚರಿಸುವ ದಿನ ಅದು. ನನ್ನ ತಂಗಿಯ ಮಗಳದ್ದೂ ಅಂಥ ಜೋಡಿ ಫೋಟೊ ಇದೆ, ಅದಕ್ಕೆ ಬರುವ ಹಾರ್ಟುಗಳಲ್ಲಿ ನನ್ನದೂ ಒಂದು. ಆದರೆ ಎರಡು ಫೋಟೊಗಳ ನಡುವಿನ ವಾರಗಳನ್ನು ಯಾರೂ ಬರೆಯುವುದಿಲ್ಲ. ಬರೆದರೂ "ದೇವರ ದಯೆ, ಡಾಕ್ಟರ ಕೈಗುಣ" ಎಂದು ಒಂದೇ ಸಾಲಿಗೆ ಮುಗಿಸುತ್ತಾರೆ. ಅವೆರಡೂ ಇದ್ದವು, ಇಲ್ಲವೆನ್ನಲಾರೆ. ನಾನು ಅಲ್ಲಿ ಕೂತು ನೋಡಿದ್ದು ಮಾತ್ರ ಬೇರೆಯೇ. ಹೆರಿಗೆಯಾಗಿ ಎಷ್ಟೋ ದಿನದ ಮೇಲೆ, ಮೆಲ್ಲಮೆಲ್ಲಗೆ, ಕೈಕೆಲಸ ಕಲಿಯುವ ಹಾಗೆ ಒಬ್ಬಳು ತಾಯಿಯಾದಳು. ಹಾಗೆ ಆಗಬಹುದು ಎಂದು ಅವಳಿಗೆ ಮೊದಲೇ ಯಾರೂ ಹೇಳಿರಲಿಲ್ಲ.

ತಂಗಿಗೆ ಏಳು ತಿಂಗಳು ದಾಟುವ ಹೊತ್ತಿಗೆ ಬಿಪಿ ಏರಿತು. ಕಾಲು ಊದಿತು, ಕಣ್ಣು ಮಂಜಾಯಿತು. ಇನ್ನು ಕಾಯುವಂತಿಲ್ಲ ಎಂದರು. ಮಗುವಿನ ಶ್ವಾಸಕೋಶ ಬಲಿಯಲಿ ಎಂದು ಅವಳಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟು, ಆದಷ್ಟು ಹೊತ್ತು ತಡೆದು, ಸಿಸೇರಿಯನ್ ಮಾಡಿದರು. ಮಗು ಒಂದೂಕಾಲು ಕೆಜಿಗಿಂತ ಕಡಿಮೆ. "ಏಳರ ಕೂಸು ಉಳಿಯುತ್ತೆ, ಎಂಟರದ್ದೇ ಕಷ್ಟ" ಎಂದು ನೆಂಟರೊಬ್ಬರು ಆಸ್ಪತ್ರೆಗೇ ಬಂದು ಧೈರ್ಯ ಹೇಳಿದರು. ಇದು ಅಪ್ಪಟ ಸುಳ್ಳು. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. ಆದರೆ ಅವತ್ತು ನಮಗೆ ಆ ಸುಳ್ಳೇ ಹಿತವಾಗಿತ್ತು.

ಅವಳು ಒಂದು ಮಹಡಿಯಲ್ಲಿ, ಮಗು ಇನ್ನೊಂದರಲ್ಲಿ. ಗಂಡ ಮೊಬೈಲಿನಲ್ಲಿ ಫೋಟೊ ತೆಗೆದು ತಂದು ತೋರಿಸಿದ. ಮಗುವಿನ ಕಾಲಿನ ಪಟ್ಟಿಯಲ್ಲಿ "ಬೇಬಿ ಆಫ್" ಎಂದು ಬರೆದು ಮುಂದೆ ತಂಗಿಯ ಹೆಸರಿತ್ತು. ಎನ್‌ಐಸಿಯು ಎಂಬ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಮಗುವಿಗೆ ಸ್ವಂತ ಹೆಸರಿಲ್ಲ, ಹೊರಗೆ ಕಾಯುವವರಿಗೂ ಇಲ್ಲ. "ಬೇಬಿ ಆಫ್ ಇಂಥವರ ಕಡೆಯೋರು ಯಾರ್ರೀ?" ಎಂದು ಬಾಗಿಲು ತೆರೆದು ಕೂಗಿದರೆ ಅಜ್ಜಿ, ಅಪ್ಪ, ದೊಡ್ಡಮ್ಮ ಎಲ್ಲರೂ ಒಟ್ಟಿಗೆ ಏಳುವುದು. ಔಷಧಿ ಚೀಟಿ ಇರಬಹುದು, ಡೈಪರ್ ತರಲಿಕ್ಕಿರಬಹುದು. ಆ ಕೂಗಿಗೆ ಎದೆ ಧಸಕ್ಕೆನ್ನದ ದಿನ ಇರಲಿಲ್ಲ.

ಬಿಪಿ ಇಳಿದ ಮೇಲೆ ಗಾಲಿಕುರ್ಚಿಯಲ್ಲಿ ಕೂರಿಸಿ ಮೇಲೆ ಕರೆದುಕೊಂಡು ಹೋದರು. ವಾಪಸು ಬಂದವಳು ಅಳಲಿಲ್ಲ, ಮಾತೂ ಆಡಲಿಲ್ಲ. ರಾತ್ರಿ ಲೈಟು ಆರಿಸಿದ ಮೇಲೆ ಹೇಳಿದಳು: "ನಂಗೇನೂ ಅನ್ನಿಸ್ತಿಲ್ಲ ಅಕ್ಕ. ಬೇರೆ ಯಾರದೋ ಮಗು ನೋಡಿ ಬಂದಂಗಾಯ್ತು. ಅಮ್ಮಂಗೆ ಹೇಳ್ಬೇಡ."

ನಾನು ಅಮ್ಮನಿಗೆ ಹೇಳಲಿಲ್ಲ, ಅಲ್ಲಿನ ಹಿರಿಯ ಸಿಸ್ಟರ್ ಒಬ್ಬರಿಗೆ ಹೇಳಿದೆ. ಅವರು ಹುಬ್ಬೂ ಏರಿಸಲಿಲ್ಲ. "ಇಲ್ಲಿಗೆ ಬರೋ ಅರ್ಧ ತಾಯಂದಿರು ಹಂಗೇ ಹೇಳ್ತಾರಮ್ಮ. ಇನ್ನರ್ಧ ಹೇಳಲ್ಲ, ಅಷ್ಟೆ."

ಮಗುವಿನ ಮುಖ ಕಂಡ ಕೂಡಲೇ ಕರುಳು ಚುರ್ರೆನ್ನಬೇಕು, ಎದೆಯಲ್ಲಿ ಹಾಲುಕ್ಕಬೇಕು ಎಂಬುದು ನಮ್ಮಲ್ಲಿ ಹಾಡು ಹಸೆಗಳಿಂದ ಸೀರಿಯಲ್ಲಿನವರೆಗೆ ಬಂದ ನಂಬಿಕೆ. ಅದಕ್ಕೆ ವೈದ್ಯಶಾಸ್ತ್ರವೂ ಸ್ವಲ್ಪ ಕಾಲ ಮುದ್ರೆ ಒತ್ತಿತ್ತು. 1972ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಮಾರ್ಷಲ್ ಕ್ಲಾಸ್ ಮತ್ತು ಜಾನ್ ಕೆನೆಲ್ ಎಂಬ ಮಕ್ಕಳ ವೈದ್ಯರು, ಹೆರಿಗೆಯಾದ ಮೊದಲ ದಿನಗಳಲ್ಲಿ ಮಗುವಿನ ಜೊತೆ ಹೆಚ್ಚು ಹೊತ್ತು ಕಳೆದ ತಾಯಂದಿರು ಮುಂದೆಯೂ ಮಗುವಿಗೆ ಹೆಚ್ಚು ಹತ್ತಿರವಾಗಿರುತ್ತಾರೆ ಎಂದು ಬರೆದರು. ಆ ಅಧ್ಯಯನದಲ್ಲಿದ್ದವರು 28 ತಾಯಂದಿರು ಮಾತ್ರ. ಅದರಿಂದ ಉಪಕಾರವಂತೂ ಆಯಿತು. ತಾಯಿ ಮಗುವನ್ನು ಬೇರ್ಪಡಿಸುವ ಆಸ್ಪತ್ರೆಗಳು ನಾಚಿಕೊಳ್ಳುವಂತಾಯಿತು. ಆದರೆ ಆ ಹೊತ್ತು ತಪ್ಪಿದರೆ ಎಲ್ಲವೂ ತಪ್ಪಿತು ಎಂಬ ಭಯವೂ ಜೊತೆಗೇ ಹಬ್ಬಿತು. ಬೇರೆಯವರು ಪ್ರಶ್ನೆ ಎತ್ತಿದ ಮೇಲೆ ಆ ಇಬ್ಬರೂ ತಮ್ಮ ಮಾತನ್ನು ಸಡಿಲಿಸಿದರು. ಭಯ ಮಾತ್ರ ಸಡಿಲಲಿಲ್ಲ. ಆಪರೇಷನ್ ಟೇಬಲ್ಲಿನ ಮೇಲೆ ಅರೆಪ್ರಜ್ಞೆಯಲ್ಲಿದ್ದ ಹೆಂಗಸು ತಾನೇನೋ ಶಾಶ್ವತವಾಗಿ ಕಳೆದುಕೊಂಡೆ ಎಂದುಕೊಳ್ಳುವುದು ಈಗಲೂ ಇದೆ.

ಇನ್ನು ಬಾಗಿಲಿನ ವಿಚಾರ. ಎನ್‌ಐಸಿಯು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗೌನು ತೊಟ್ಟು, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯಬೇಕು. ಅದಕ್ಕೂ ಮೊದಲು ಉಂಗುರ, ವಾಚು, ಬಳೆ ಎಲ್ಲ ತೆಗೆಯಬೇಕು. ತಂಗಿಯ ಕೈಯಲ್ಲಿ ಸೀಮಂತದ ಹಸಿರು ಗಾಜಿನ ಬಳೆಗಳು ಹಾಗೇ ಇದ್ದವು. ಅವಳ ಅತ್ತೆ ಅಡ್ಡ ನಿಂತರು: "ಬಾಣಂತಿ ಬರಿಗೈಲಿ ಇರಬಾರದು, ಅದೂ ಮಗು ಹಿಂಗಿರುವಾಗ." ಸಿಸ್ಟರ್ ಸೋಂಕಿನ ಬಗ್ಗೆ ಭಾಷಣ ಮಾಡಲಿಲ್ಲ. ತಂಗಿಯ ಕೈಗೆ ಸೋಪಿನ ನೊರೆ ಹಚ್ಚಿ, ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಒಂದೂ ಒಡೆಯದಂತೆ ಒಂದೊಂದಾಗಿ ಜಾರಿಸಿ ತೆಗೆದು, ಪ್ಲಾಸ್ಟಿಕ್ ಕವರಿಗೆ ಹಾಕಿ ಅತ್ತೆಯ ಕೈಗೇ ಕೊಟ್ಟರು. "ನೀವೇ ಜೋಪಾನವಾಗಿ ಇಟ್ಕೊಂಡಿರಿ ಅಜ್ಜಿ. ಮಗು ಮನೆಗೆ ಹೊರಟ ದಿನ ನೀವೇ ತೊಡಿಸೋರಂತೆ." ಅಲ್ಲಿಂದ ಮುಂದೆ ಕೈ ತೊಳೆಯುವ ವಿಷಯದಲ್ಲಿ ಆ ಅಜ್ಜಿಯಷ್ಟು ಕಟ್ಟುನಿಟ್ಟಿನವರು ಆ ಮಹಡಿಯಲ್ಲಿ ಇನ್ನೊಬ್ಬರಿರಲಿಲ್ಲ.

ಕೈ ತೊಳೆಸಿ ಒಳಗೆ ಬಿಡುವುದು ಸರಿ. ಆದರೆ ತಾಯಿಯನ್ನೇ ಸೋಂಕೆಂದು ಬಗೆದು ಹೊರಗಿಟ್ಟ ಕಾಲವೊಂದಿತ್ತು, ಅದು ತೀರಾ ಹಳೆಯದೂ ಅಲ್ಲ. ಪ್ಯಾರಿಸ್ಸಿನ ಹೆರಿಗೆ ವೈದ್ಯ ಸ್ಟೆಫಾನ್ ಟಾರ್ನಿಯೆ, ಅಲ್ಲಿನ ಮೃಗಾಲಯದಲ್ಲಿ ಮೊಟ್ಟೆಗೆ ಶಾಖ ಕೊಟ್ಟು ಮರಿ ಮಾಡಿಸುವ ಪೆಟ್ಟಿಗೆ ನೋಡಿ, ಅಂಥದ್ದನ್ನೇ ಕೂಸುಗಳಿಗೂ ಮಾಡಿಸಿದ್ದು 1880ರ ಆಸುಪಾಸಿನಲ್ಲಿ. ಅವನ ಶಿಷ್ಯ ಪಿಯೆರ್ ಬುದ್ಯಾಂ 1900ರ ಹೊತ್ತಿಗೇ ಎಚ್ಚರಿಸಿದ್ದ: ಮಗುವಿಗೆ ಹಾಲೂಡಿಸಲಾಗದೆ, ಮುದ್ದಿಸಲಾಗದೆ ದೂರವಾದ ತಾಯಂದಿರ ಆಸಕ್ತಿ ಬಹುಬೇಗ ಬತ್ತಿಹೋಗುತ್ತದೆ ಎಂದು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಮಾರ್ಟಿನ್ ಕೂನಿ ಎಂಬಾತ 1903ರಿಂದ 1943ರವರೆಗೆ ಇಂಥ ಮಕ್ಕಳನ್ನು ಇನ್‌ಕ್ಯುಬೇಟರಿನಲ್ಲಿಟ್ಟು, 25 ಸೆಂಟ್ ಟಿಕೆಟ್ ಇಟ್ಟು ಜಾತ್ರೆಯ ಜನಕ್ಕೆ ತೋರಿಸಿದ. ತಂದೆತಾಯಿಯಿಂದ ಕಾಸು ಕೇಳದೆ ಸಾವಿರಾರು ಮಕ್ಕಳನ್ನು ಉಳಿಸಿದ್ದೂ ನಿಜ. ಆಸ್ಪತ್ರೆಗಳು ಈ ಕೆಲಸವನ್ನು ಗಂಭೀರವಾಗಿ ಕೈಗೆತ್ತಿಕೊಂಡ ಮೇಲೆ ಬಾಗಿಲಿಗೆ ಚಿಲಕ ಬಿತ್ತು, ತಾಯಿಗೆ ಉಳಿದದ್ದು ಗಾಜಿನ ಕಿಟಕಿ. ತಾಯಂದಿರನ್ನು ಒಳಗೆ ಬಿಟ್ಟರೂ ಸೋಂಕು ಹೆಚ್ಚುವುದಿಲ್ಲ ಎಂದು ಸ್ಟ್ಯಾನ್‌ಫರ್ಡಿನವರು ಪ್ರಯೋಗ ಮಾಡಿ ಪ್ರಕಟಿಸಿದ್ದು 1970ರಲ್ಲಿ.

ನನಗೆ ಮಜವೆನಿಸುವುದು, ಬಾಗಿಲು ಪೂರ್ತಿ ತೆರೆದದ್ದು ಕರುಣೆಯಿಂದಲ್ಲ, ಕೊರತೆಯಿಂದ. ಕೊಲಂಬಿಯಾದ ಬೊಗೋಟಾ ನಗರದ ಬಡವರ ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲದೆ ಒಂದೊಂದರಲ್ಲಿ ಎರಡು ಮೂರು ಮಕ್ಕಳನ್ನು ಮಲಗಿಸಿ, ಒಂದರ ಸೋಂಕು ಇನ್ನೊಂದಕ್ಕೆ ಹತ್ತಿ ಸಾಯುತ್ತಿದ್ದವು. 1978ರಲ್ಲಿ ಡಾ. ಎಡ್ಗರ್ ರೇ ತಾಯಿಯ ಎದೆಯನ್ನೇ ಇನ್‌ಕ್ಯುಬೇಟರ್ ಮಾಡಿಬಿಟ್ಟರು. ಡಾ. ಹೆಕ್ಟರ್ ಮಾರ್ಟಿನೆಜ್ ಜೊತೆಗೂಡಿದರು. ಅದೇ ಹೊತ್ತಿಗೆ, 1979ರಲ್ಲಿ, ಎಸ್ಟೋನಿಯಾದ ಟಾಲಿನ್‌ನಲ್ಲಿ ಸಾಕಷ್ಟು ನರ್ಸುಗಳಿಲ್ಲ ಎಂದು ಡಾ. ಆದಿಕ್ ಲೆವಿನ್ ತಾಯಂದಿರನ್ನೇ ಒಳಗೆ ಉಳಿಸಿಕೊಂಡು ಆರೈಕೆ ಕಲಿಸಿದರು. ಶ್ರೀಮಂತ ದೇಶಗಳು ಇವೆರಡನ್ನೂ ಆಮೇಲೆ ನಿಧಾನವಾಗಿ ಕಲಿತವು. ನಮ್ಮಲ್ಲಿ ದೆಹಲಿಯ ರಾಮ ಮನೋಹರ ಲೋಹಿಯಾ ಆಸ್ಪತ್ರೆಯಲ್ಲಿ ಮನೆಯವರನ್ನು ಆರೈಕೆಗೆ ಸೇರಿಸಿಕೊಳ್ಳುವ ಪ್ರಯೋಗ ನಡೆದು, 2017ರಲ್ಲಿ ಕೇಂದ್ರ ಸರ್ಕಾರ ಅದಕ್ಕೊಂದು ಮಾರ್ಗಸೂಚಿಯನ್ನೇ ಹೊರಡಿಸಿತು. ಕಾಗದದ ಮೇಲೆ ತಾಯಿ ಈಗ ವಿಸಿಟರ್ ಅಲ್ಲ. ಬಾಗಿಲಲ್ಲಿ ಕೂತ ಸೆಕ್ಯುರಿಟಿಗೆ ಆ ಕಾಗದ ತಲುಪಿದೆಯೇ ಎಂಬುದು ಊರೂರಿಗೆ ಬೇರೆ.

ನಮ್ಮ ಸಿಸ್ಟರ್ ತಂಗಿಗೆ ಮೊದಲು ಕಲಿಸಿದ್ದು ಮುಟ್ಟುವುದನ್ನು. ಮಗು ಕಂಡರೆ ಬೆನ್ನು ಸವರುವುದು, ಕೆನ್ನೆ ತಟ್ಟುವುದು ನಮಗೆಲ್ಲ ತಾನಾಗಿ ಬರುತ್ತದೆ. ದಿನ ತುಂಬದ ಮಗುವಿಗೆ ಅದು ಹಿಂಸೆ. ಅದರ ಚರ್ಮ ತೆಳು, ನರಗಳು ಎಳಸು. ಸವರಿದರೆ ಕೈಕಾಲು ಬಿಚ್ಚಿ ಬೆದರುತ್ತದೆ, ಮಾನಿಟರಿನಲ್ಲಿ ಆಕ್ಸಿಜನ್ ಇಳಿಯುತ್ತದೆ. "ಸವರಬೇಡಿ, ಸುಮ್ನೆ ಹಿಡಿದಿರಿ" ಎಂದರು ಸಿಸ್ಟರ್. ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಒಂದು ಅಂಗೈಯನ್ನು ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಇಟ್ಟು, ಇನ್ನೊಂದರಲ್ಲಿ ಮಡಚಿದ ಕಾಲುಗಳನ್ನು ಹೊಟ್ಟೆಯ ಕಡೆಗೆ ಒತ್ತಿ ಹಿಡಿಯಬೇಕು. ಅಲುಗಿಸಬಾರದು, ಮಾತಾಡುವುದಾದರೆ ಮೆತ್ತಗೆ. ಅವಳ ಎರಡು ಅಂಗೈಗಳ ನಡುವೆ ಇಡೀ ಮಗು ಮುಗಿದುಹೋಯಿತು. ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರದ ಬಾಟಲಿಯ ನೀರಿನಲ್ಲಿ ಗುಳ್ಳೆ ಏಳುವ ಗುಳುಗುಳು ಸದ್ದು ಬಿಟ್ಟರೆ ಬೇರೇನಿಲ್ಲ. ಸ್ವಲ್ಪ ಹೊತ್ತಿಗೆ ಮಗುವಿನ ಹಣೆಯ ಗಂಟು ಬಿಚ್ಚಿತು, 86ರಲ್ಲಿ ಓಲಾಡುತ್ತಿದ್ದ ಆಕ್ಸಿಜನ್ ಅಂಕಿ 93ಕ್ಕೆ ಬಂದು ನಿಂತಿತು. ತಂಗಿ ಅಂಕಿಯನ್ನೇ ನೋಡುತ್ತಿದ್ದಳು. "ನಾನು ಹಿಡ್ಕೊಂಡಿದ್ದಕ್ಕೇನಾ?" ಎಂದಳು. ಹೆತ್ತ ಮೇಲೆ ತನ್ನಿಂದ ಮಗುವಿಗೆ ಏನೋ ಒಂದು ಆಯಿತು ಎಂದು ಅವಳಿಗೆ ಗೊತ್ತಾದದ್ದು ಆಗಲೇ ಮೊದಲು.

ಎರಡನೆಯದು ಹಾಲು. ಈ ಮಕ್ಕಳಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳಲು ಸುಮಾರು 34 ವಾರ ತುಂಬಬೇಕು. ಅಲ್ಲಿಯವರೆಗೆ ಬಾಯಿಂದ ಹೊಟ್ಟೆಗೆ ಇಳಿಸಿದ ಸಣ್ಣ ನಳಿಕೆಯೇ ಗತಿ. ಎರಡು ಮೂರು ಗಂಟೆಗೊಮ್ಮೆ, ನಡುರಾತ್ರಿಯಲ್ಲೂ ಎದ್ದು ಹಾಲು ಹಿಂಡಬೇಕು. ಮಗು ಎದೆಯಲ್ಲಿಲ್ಲದೆ ಹಾಲು ಇಳಿಯುವುದು ಸುಲಭವಲ್ಲ. ಮೊದಲು ಬಂದ ಗಿಣ್ಣುಹಾಲು ಸಿರಿಂಜಿನ ತಳ ಮುಚ್ಚುವಷ್ಟೂ ಇರಲಿಲ್ಲ. "ಇಷ್ಟೇನಾ?" ಎಂದು ತಂಗಿ ಅತ್ತಳು. ಸಿಸ್ಟರ್ ಅದನ್ನೇ ಹತ್ತಿಗೆ ಅದ್ದಿ ಮಗುವಿನ ಕೆನ್ನೆಯ ಒಳಗಡೆ ಹಚ್ಚಿದರು. ಬಲಿಯದ ಕರುಳು ಊದಿ ಕೊಳೆಯುವ ಭಯಂಕರ ಕಾಯಿಲೆಯೊಂದು ಈ ಮಕ್ಕಳನ್ನು ಕಾಡುತ್ತದೆ. ತಾಯಿಯ ಹಾಲು ಆ ಅಪಾಯವನ್ನು ತಗ್ಗಿಸುತ್ತದೆ. ತಾಯಿಯ ಹಾಲಿಲ್ಲದಿದ್ದರೆ ದಾನದ ಹಾಲು. ಅದಕ್ಕೆಂದೇ 1989ರಲ್ಲಿ ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಏಷ್ಯಾದಲ್ಲೇ ಮೊದಲ ಎದೆಹಾಲಿನ ಬ್ಯಾಂಕ್ ತೆರೆದರು.

ಹಾಲು ಹಿಂಡುವ ಕೋಣೆ ಒಂದು ಬೇರೆಯದೇ ಲೋಕ. ಪರದೆಯ ಹಿಂದೆ ನಾಲ್ಕಾರು ಹೆಂಗಸರು ಸೆರಗು ಸರಿಸಿಕೊಂಡು ಕೂತು, ಒಬ್ಬರ ಬಟ್ಟಲನ್ನು ಒಬ್ಬರು ಕದ್ದು ನೋಡುತ್ತಾ ಇರುವುದು. ಯಾರಿಗೆ ಎಷ್ಟು ಎಂಎಲ್, ಯಾರ ಮಗು ಎಷ್ಟು ಗ್ರಾಂ ಏರಿತು, ಇದೇ ಮಾತು. ಬೆಳ್ಳುಳ್ಳಿ ತಿನ್ನು, ಸಬ್ಬಸಿಗೆ ಸೊಪ್ಪು ತಿನ್ನು ಎಂದು ಸಲಹೆ. ಕೆಲಸಕ್ಕೆ ಬಂದದ್ದು ಮಾತ್ರ ಸಿಸ್ಟರ್ ಕೊಟ್ಟ ಉಪಾಯ: ಮಗುವನ್ನು ಹಿಡಿದು ಬಂದ ಕೂಡಲೇ ಹಿಂಡುವುದು. ಆಗ ಹಾಲು ಇಳಿಯುತ್ತಿತ್ತು. ಕೆಲವು ದಿನದ ಮೇಲೆ ನಳಿಕೆಯ ಸಿರಿಂಜನ್ನೂ ಅವಳ ಕೈಗೇ ಕೊಟ್ಟರು. ಒತ್ತಬಾರದು, ಎತ್ತಿ ಹಿಡಿದರೆ ಸಾಕು, ಹಾಲು ತಾನಾಗಿ ಇಳಿಯುತ್ತದೆ. ಎತ್ತಿದ ತೋಳು ಸೋತು ನಡುಗಿದರೂ ಅವಳು ನನ್ನ ಕೈಗೆ ಕೊಡಲಿಲ್ಲ. ನಳಿಕೆ ತೆಗೆದ ಮೇಲೆ ಹಾಲು ಕುಡಿಸುವ ಒಳಲೆಯ ಸರದಿ. ಅತ್ತೆ ಮನೆಯಿಂದ ಬೆಳ್ಳಿಯದೇ ತಂದಿದ್ದರು. ಸಿಸ್ಟರ್ ಅದನ್ನು ಕುದಿಸಿಯೇ ಕೊಡುತ್ತೇವೆ ಎಂದಾಗ ಅತ್ತೆಗೆ ಸಂತೋಷವೋ ಸಂತೋಷ. ಅಷ್ಟು ಯಂತ್ರಗಳ ನಡುವೆ ತಮ್ಮ ಕಾಲದ್ದೊಂದು ಸಾಮಾನು ಸಲ್ಲಿತಲ್ಲ.

ಆಮೇಲೆ, ಬೊಗೋಟಾದಲ್ಲಿ ಶುರುವಾದ ಆ ಕಾಂಗರೂ ಆರೈಕೆ. ಮಗುವಿಗೆ ಟೋಪಿ, ಕಾಲುಚೀಲ, ಡೈಪರ್ ಬಿಟ್ಟರೆ ಬೇರೆ ಬಟ್ಟೆಯಿಲ್ಲ. ತಾಯಿಯ ಎರಡು ಮೊಲೆಗಳ ನಡುವೆ ನೆಟ್ಟಗೆ, ಕಪ್ಪೆಯಂತೆ ಕಾಲು ಮಡಿಸಿ, ಕತ್ತು ಕುಸಿದು ಉಸಿರು ಕಟ್ಟದಂತೆ ಮುಖವನ್ನು ಒಂದು ಬದಿಗೆ ತಿರುಗಿಸಿ ಕೂರಿಸಿ, ಮೇಲಿಂದ ಮೆತ್ತನೆ ಬಟ್ಟೆ ಬಿಗಿಯುತ್ತಾರೆ. ತಾಯಿಗೆ ತಲೆ ಎತ್ತರಿಸಿದ ಮಂಚ ಅಥವಾ ಒರಗುವ ಕುರ್ಚಿ. ಮೈಯ ಕಾವು ಮಗುವಿಗೆ ತಾಗುತ್ತದೆ, ಎದೆಬಡಿತ ಸಮವಾಗುತ್ತದೆ, ಉಸಿರಾಡುವುದನ್ನೇ ಮರೆತುಬಿಡುವುದು ಕಡಿಮೆಯಾಗುತ್ತದೆ. ಹೌದು, ಈ ಮಕ್ಕಳು ಉಸಿರಾಡಲು ಮರೆಯುತ್ತವೆ. ಆಗ ಅಲಾರಂ ಹೊಡೆದು ಸಿಸ್ಟರ್ ಓಡಿ ಬಂದು ಅಂಗಾಲಿಗೆ ಬೆರಳಿನಿಂದ ಟಪ್ಪನೆ ಹೊಡೆದು ನೆನಪಿಸಬೇಕು. ಇದು ಹೆಂಗಸರದೇ ಗುತ್ತಿಗೆಯೂ ಅಲ್ಲ. ತಂಗಿಗೆ ಜ್ವರ ಬಂದಾಗ ಅವಳ ಗಂಡನನ್ನೇ ಕರೆದರು. ಸಿಸ್ಟರುಗಳ ಎದುರಿಗೆ ಅಂಗಿ ಬಿಚ್ಚಲು ಅವನಿಗೆ ಮಹಾ ಸಂಕೋಚ. ಎರಡು ಸಲ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡ. ಮಗು ಎದೆಗೇರಿದ ಮೇಲೆ ಆಸಾಮಿ ಅಲ್ಲಾಡಲಿಲ್ಲ, ಫೋನು ಹೊಡೆದುಕೊಂಡರೂ ಎತ್ತಲಿಲ್ಲ. ಆಮೇಲಿಂದ ಇಬ್ಬರಿಗೂ ಸರದಿಯ ಜಗಳ. ನನಗೂ ಒಂದೆರಡು ಸಲ ಸಿಕ್ಕಿತು, ದೊಡ್ಡಮ್ಮನ ಪಾಲು.

ಇದೆಲ್ಲ ಬರೀ ಭಾವುಕತೆ ಎನ್ನುವವರಿಗೆ ಲೆಕ್ಕವೂ ಇದೆ. ಮೊದಲೆಲ್ಲ ಮಗು ಚೇತರಿಸಿಕೊಂಡು ಸ್ಥಿರವಾದ ಮೇಲಷ್ಟೇ ಕಾಂಗರೂ. ವಿಶ್ವ ಆರೋಗ್ಯ ಸಂಸ್ಥೆ ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾ ಮತ್ತು ಭಾರತದ ಐದು ಆಸ್ಪತ್ರೆಗಳಲ್ಲಿ, 1ರಿಂದ 1.8 ಕೆಜಿಯೊಳಗಿನ 3,211 ಮಕ್ಕಳ ಮೇಲೆ ಬೇರೆ ದಾರಿ ನೋಡಿತು. ಸ್ಥಿರವಾಗಲೆಂದು ಕಾಯದೆ, ಹುಟ್ಟಿದ ಕೂಡಲೇ ಎದೆಗೆ. ಭಾರತದ ಆಸ್ಪತ್ರೆ ದೆಹಲಿಯ ಸಫ್ದರ್‌ಜಂಗ್. ಕಾದು ಶುರುಮಾಡಿದ ಗುಂಪಿನಲ್ಲಿ 28 ದಿನದೊಳಗೆ ಶೇ 15.7 ಮಕ್ಕಳು ತೀರಿಕೊಂಡರೆ, ಕೂಡಲೇ ಎದೆಗೇರಿದ ಗುಂಪಿನಲ್ಲಿ ಶೇ 12. ಲಾಭ ಅಷ್ಟು ಸ್ಪಷ್ಟವಾದ್ದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. 2021ರಲ್ಲಿ ಫಲಿತಾಂಶ ಬಂತು, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೇ ಬದಲಾಯಿತು. ಇದಕ್ಕೆ ಬೇಕಾದದ್ದು ಎನ್‌ಐಸಿಯು ಒಳಗೆ ತಾಯಿಗೊಂದು ಮಂಚ ಮತ್ತು ಅಲ್ಲೇ ಬಂದು ಅವಳ ಹೊಲಿಗೆ ನೋಡುವ ಹೆರಿಗೆ ಡಾಕ್ಟರು. ವೆಂಟಿಲೇಟರು ಉದ್ಘಾಟಿಸಲು ಮಂತ್ರಿಗಳು ಬರುತ್ತಾರೆ. ಮಂಚಕ್ಕೆ ರಿಬ್ಬನ್ ಕಟ್ಟಿದ್ದನ್ನು ನಾನಂತೂ ನೋಡಿಲ್ಲ.

ಕರ್ನಾಟಕಕ್ಕೆ ಕಾಂಗರೂ ಆರೈಕೆ ಹೊಸದೇನಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ವ್ಯವಸ್ಥೆಯ ಜೊತೆಗೇ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದಾರೆ. ಮನೆಯೊಳಗಿನ ಅಡ್ಡಿ ಬೇರೆ ಥರದ್ದು, ಅದು ನಮ್ಮ ಬಾಣಂತನ. ಹಸಿ ಬಾಣಂತಿ ಹೊಸಿಲು ದಾಟಬಾರದು, ಗಾಳಿ ತಾಗಬಾರದು, ಕಿವಿಗೆ ಹತ್ತಿ, ಮೈಗೆ ಎಣ್ಣೆ, ಕೋಣೆಗೆ ಹೊಗೆ. ತಾಯಿಯನ್ನು ಮಲಗಿಸಿ ಉಣ್ಣಿಸುವ ಈ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಮಗು ಮಗ್ಗುಲಲ್ಲಿದ್ದಾಗಿನ ಪದ್ಧತಿ. ಮಗು ಆಸ್ಪತ್ರೆಯಲ್ಲಿದ್ದಾಗ "ಅಲ್ಲಿ ಡಾಕ್ಟ್ರಿದಾರೆ, ನೀನು ಬೆಚ್ಚಗಿರು" ಎಂದು ತಾಯಿಯನ್ನು ಊರಿಗೆ ಕಳಿಸಿಬಿಡುತ್ತಾರೆ. ಹಾಲು ಬತ್ತುತ್ತದೆ, ಮಗು ಅಪರಿಚಿತವಾಗುತ್ತದೆ. ಆ ಹಾಲಿನ ಕೋಣೆಯಲ್ಲಿದ್ದ ಒಬ್ಬಾಕೆ ಹೀಗೆ ಹೋದವಳು ಮತ್ತೆ ಬರಲಿಲ್ಲ, ಅವಳ ಅತ್ತೆ ಮಾತ್ರ ದಿನಕ್ಕೊಮ್ಮೆ ಬಂದು ಬಾಗಿಲಲ್ಲಿ ಕೇಳಿಕೊಂಡು ಹೋಗುತ್ತಿದ್ದರು. ನಮ್ಮಮ್ಮ ಮಾತ್ರ ಬಾಣಂತನವನ್ನೇ ಆಸ್ಪತ್ರೆಗೆ ಸಾಗಿಸಿದರು. ಫ್ಲಾಸ್ಕಿನಲ್ಲಿ ಮೆಣಸಿನ ಸಾರು, ಡಬ್ಬಿಯಲ್ಲಿ ಅಂಟಿನುಂಡೆ, ತಲೆಗೆ ಸ್ಕಾರ್ಫು. ತಂಗಿ ಸ್ಕಾರ್ಫಿನ ಮೇಲೆಯೇ ಆಸ್ಪತ್ರೆಯ ಟೋಪಿ ಹಾಕಿಕೊಂಡು ಒಳಗೆ ಹೋಗುತ್ತಿದ್ದಳು.

ಡಿಸ್ಚಾರ್ಜ್ ದಿನ ಅತ್ತೆ ಕವರು ತಂದು ಬಳೆ ತೊಡಿಸಿದರು. ಬೆಚ್ಚನೆಯ ಕೋಣೆ, ಕಾಂಗರೂ ಬಟ್ಟೆ, ಒಳಲೆ ಎಲ್ಲವೂ ಮನೆಯಲ್ಲಿ ಮುಂದುವರಿದವು. ಕಣ್ಣಿನ ತಪಾಸಣೆಯೂ. ಇದನ್ನು ಓದುವವರಲ್ಲಿ ಯಾರ ಮನೆಯಲ್ಲಾದರೂ ಇಂಥ ಮಗುವಿದ್ದರೆ ಅದನ್ನಂತೂ ತಪ್ಪಿಸಬೇಡಿ. ಬೇಗ ಹುಟ್ಟಿದ ಮಕ್ಕಳ ಕಣ್ಣಿನ ಅಕ್ಷಿಪಟದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ದೃಷ್ಟಿಯೇ ಹೋಗಬಹುದು. ಹುಟ್ಟಿ ತಿಂಗಳಾಗುವುದರೊಳಗೆ ಮೊದಲ ತಪಾಸಣೆ ಆಗಬೇಕು, ಸಮಯಕ್ಕೆ ಸಿಕ್ಕರೆ ಲೇಸರ್‌ನಿಂದ ತಡೆಯಬಹುದು. ನಾರಾಯಣ ನೇತ್ರಾಲಯದವರು 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೇ ಹೋಗಿ ಮಕ್ಕಳ ಕಣ್ಣಿನ ಚಿತ್ರ ತೆಗೆಯುತ್ತಾರೆ, ದೂರದಲ್ಲಿ ಕೂತ ಡಾಕ್ಟರು ನೋಡಿ ಹೇಳುತ್ತಾರೆ.

ಕಾಂಗರೂ ಎಲ್ಲಿಯವರೆಗೆ ಎಂದು ಕೇಳಿದ್ದಕ್ಕೆ ಡಾಕ್ಟರು "ಮಗುವೇ ಹೇಳುತ್ತೆ" ಎಂದಿದ್ದರು. ತೂಕ ಎರಡೂವರೆ ಕೆಜಿ ಮುಟ್ಟುವ ಹೊತ್ತಿಗೆ ಅದು ಹೇಳಿಯೂ ಬಿಟ್ಟಿತು. ಬಟ್ಟೆ ಬಿಗಿದರೆ ಸಾಕು, ಕೈ ಹೊರಗೆ ತೆಗೆದು, ಹೊಟ್ಟೆಗೆ ಒದ್ದು, ಮುಖ ಕೆಂಪಗೆ ಮಾಡಿಕೊಂಡು ಕಿರುಚುವುದು. "ಸಾಕು ಅಂತಿದೆ ಕಣಮ್ಮ, ಬಿಟ್ಬಿಡಿ" ಎಂದರು ಡಾಕ್ಟರು ಫೋನಿನಲ್ಲಿ. ತಂಗಿ ಒಪ್ಪಲು ತಯಾರಿರಲಿಲ್ಲ. "ಇನ್ನೊಂದು ವಾರ ಮಾಡಿದ್ರೆ ಏನೂ ತೊಂದ್ರೆ ಇಲ್ವಲ್ಲ ಡಾಕ್ಟ್ರೇ?" ಎಂದು ಚೌಕಾಸಿಗೆ ನಿಂತಳು.